ವರದಿಯಲ್ಲಿನ ಅಂಕಿಯೂ ತಂದೆತಾಯಿಗಳ ಹಕ್ಕೂ

ಅಮೆರಿಕದ ಸಾರ್ವಜನಿಕ ಶಾಲೆಯೊಂದರಲ್ಲಿ ಬಾಲಕನೊಬ್ಬನು ಓದಿನಲ್ಲಿ ಹಿಂದೆ ಬಿದ್ದಿರುವನೆಂದು ಭಾವಿಸೋಣ. ಶಾಲೆಯ ಮನಶ್ಶಾಸ್ತ್ರಜ್ಞರು ಅವನನ್ನು ಪರೀಕ್ಷಿಸಿ, ಓದಿನ ಅಂಕ 85 ಎಂದು ಬರೆಯುತ್ತಾರೆ. ಇದನ್ನು ನೂರಕ್ಕೆ ಎಂಬತ್ತೈದೆಂದು ತಿಳಿದು ತಂದೆತಾಯಿಗಳು ಹಿಗ್ಗುವ ಸಂಭವವುಂಟು. ಆದರೆ ಅದರ ಅರ್ಥವೇ ಬೇರೆ.

ಇಂಥ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಒಂದೇ ವಯಸ್ಸಿನ ಮಕ್ಕಳ ಸರಾಸರಿಯನ್ನು 100 ಎಂದೂ ಮಾನಕ ವಿಚಲನೆಯನ್ನು 15 ಎಂದೂ ಇಟ್ಟುಕೊಳ್ಳುವರು. 85 ಎಂದರೆ ಸರಾಸರಿಗಿಂತ ಒಂದು ವಿಚಲನೆಯಷ್ಟು ಕೆಳಗೆ. ಆ ವಯಸ್ಸಿನ 100 ಮಕ್ಕಳಲ್ಲಿ ಸುಮಾರು 16 ಮಂದಿ ಮಾತ್ರ ಇವನಿಗಿಂತ ಹಿಂದಿರುತ್ತಾರೆ.

ಇನ್ನೊಂದು ಮಾತುಂಟು. ಪ್ರಯೋಗಶಾಲೆಯಲ್ಲಿ ತಂತಿಯ ವ್ಯಾಸವನ್ನು ಅಳೆದ ವಿದ್ಯಾರ್ಥಿಯು ದೋಷದ ಮಿತಿಯನ್ನು ಬರೆಯದಿದ್ದರೆ ನಾವು ಒಪ್ಪುವುದಿಲ್ಲವಷ್ಟೆ? ಮಗುವಿನ ಅಳತೆಗೂ ಆ ಮಿತಿ ಬೇಕು. ಪರೀಕ್ಷೆಯ ವಿಶ್ವಸನೀಯತೆಯ ಗುಣಾಂಕ 0.91 ಎಂದಿಟ್ಟುಕೊಳ್ಳಿ. ಅದನ್ನು 1ರಿಂದ ಕಳೆದರೆ 0.09, ಅದರ ವರ್ಗಮೂಲ 0.3; 15ರಿಂದ ಗುಣಿಸಿದರೆ 4.5. ಇದೇ ಅಳತೆಯ ಮಾನಕ ದೋಷ. ಇದರ ಇಮ್ಮಡಿಯನ್ನು ಎರಡು ಕಡೆಗೂ ಬಿಟ್ಟರೆ ಬಾಲಕನ ನಿಜವಾದ ಮಟ್ಟವು 76ರಿಂದ 94ರೊಳಗೆ ಎಲ್ಲಿಯಾದರೂ ಇರಬಹುದು. 76 ಆದರೆ 100 ಮಕ್ಕಳಲ್ಲಿ ಸುಮಾರು 5 ಮಂದಿ ಮಾತ್ರ ಅವನಿಗಿಂತ ಹಿಂದೆ. 94 ಆದರೆ ಸುಮಾರು 34 ಮಂದಿ. ಒಬ್ಬನಿಗೆ ವಿಶೇಷ ಬೋಧನೆ ಅತ್ಯವಶ್ಯ, ಇನ್ನೊಬ್ಬನಿಗೆ ಬೇಡವಾಗಿರಬಹುದು. ಬರಿಯ 85 ಎಂಬ ಅಂಕಿಯನ್ನು ಸಭೆಯಲ್ಲಿ ಓದಿ ಹೇಳಿ ನಿರ್ಣಯ ಕೈಗೊಂಡರೆ ಅದು ಅಳತೆಯಲ್ಲ, ಅಪ್ಪಣೆ.

ಆದುದರಿಂದಲೇ ಮೂಲ ದಾಖಲೆಗಳನ್ನು ನೋಡುವ ಹಕ್ಕಿಗೆ ಬೆಲೆ. 1974ರಲ್ಲಿ ಅಮೆರಿಕದ ಕಾಂಗ್ರೆಸ್ಸು ಅಂಗೀಕರಿಸಿದ, ಫರ್ಪಾ ಎಂದು ಕರೆಯಲ್ಪಡುವ ಕಾನೂನಿನಂತೆ, ತಂದೆತಾಯಿಗಳು ಕೇಳಿದ 45 ದಿನಗಳೊಳಗಾಗಿ ಶಾಲೆಯು ಮಗುವಿನ ದಾಖಲೆಗಳನ್ನು ತೋರಿಸಬೇಕು, ಅರ್ಥವಾಗದುದನ್ನು ವಿವರಿಸಲೂಬೇಕು. ಮಗುವಿನ ಹೆಸರುಳ್ಳ ಉತ್ತರಪತ್ರಿಕೆಯೂ ದಾಖಲೆಯೇ. ಪ್ರಶ್ನೆಗಳು ಬಯಲಾದರೆ ಪರೀಕ್ಷೆ ಕೆಡುವುದೆಂಬ ಆತಂಕ ನ್ಯಾಯವಾದುದೇ. ಆದರೆ ತೋರಿಸುವುದು ಬೇರೆ, ಪ್ರತಿಮಾಡಿ ಹಂಚುವುದು ಬೇರೆ. 1975ರಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣಕ್ಕಾಗಿ ಬಂದು, ಅನಂತರ ಹಲವು ಬಾರಿ ತಿದ್ದುಪಡಿಯಾದ ಇನ್ನೊಂದು ಕಾನೂನಿನಂತೆ ವರದಿಯ ಪ್ರತಿಯನ್ನು ಉಚಿತವಾಗಿ ಕೊಡಬೇಕು. ವರದಿಯನ್ನು ಒಪ್ಪದವರು ಹೊರಗಿನ ತಜ್ಞರಿಂದ, ಸರಕಾರದ ವೆಚ್ಚದಲ್ಲಿಯೇ, ಮರುಪರೀಕ್ಷೆ ಕೇಳಬಹುದು. ಆಗ ಶಾಲೆಗೆ ಎರಡೇ ದಾರಿ: ವೆಚ್ಚವನ್ನು ಭರಿಸುವುದು, ಇಲ್ಲವೆ ತನ್ನ ಪರೀಕ್ಷೆ ಸಮರ್ಪಕವಾಗಿತ್ತೆಂದು ವಿಚಾರಣೆಯಲ್ಲಿ ಸಾಧಿಸಿ ತೋರಿಸುವುದು.

ವಿದ್ಯಾರ್ಥಿಗೆ 18 ವರ್ಷ ತುಂಬಿದಾಗ, ಅಥವಾ ಅವನು ಕಾಲೇಜು ಸೇರಿದಾಗ, 1974ರ ಕಾನೂನಿನ ಹಕ್ಕು ತಂದೆತಾಯಿಗಳಿಂದ ಅವನಿಗೇ ವರ್ಗವಾಗುತ್ತದೆ.