ಜನರೇಟರ್ ಕೋಣೆ: ಕಟ್ಟುವ ಮುನ್ನ ಗಮನಿಸಬೇಕಾದ ಅಂಶಗಳು

ಉಗಾರ ಬುದ್ರುಕದಂತಹ ಊರಿನಲ್ಲಿ ಹಿಟ್ಟಿನ ಗಿರಣಿ, ಹಾಲು ಶೀತಲೀಕರಣ ಘಟಕ ಅಥವಾ ವರ್ಕ್‌ಶಾಪ್ ನಡೆಸುವವರು ಜನರೇಟರ್ ಕೊಳ್ಳುವಾಗ ಕೆವಿಎ, ಬೆಲೆ, ಡೀಸೆಲ್ ಖರ್ಚು ಈ ಮೂರನ್ನು ಕೂಲಂಕಷವಾಗಿ ವಿಚಾರಿಸುತ್ತಾರೆ. ಅದನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆ ಮಾತ್ರ ಯಂತ್ರವು ಲಾರಿಯಿಂದ ಇಳಿಯುವ ದಿನವೇ ಏಳುತ್ತದೆ. ಆಗ ಗೋದಾಮಿನ ಖಾಲಿ ಮೂಲೆಯೇ ಜನರೇಟರ್ ಕೋಣೆಯಾಗುತ್ತದೆ.

ಇದರ ಮೊದಲ ಅಪಾಯ ಹೊಗೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದ ರಾತ್ರಿ ಕಾವಲುಗಾರನಿಗೆ ತಲೆನೋವು ಬಂದು, ಎಚ್ಚರವಾಗುವ ಮೊದಲೇ ಪ್ರಜ್ಞೆ ತಪ್ಪಬಹುದು. ಆದುದರಿಂದ ಹೊಗೆಕೊಳವೆಯನ್ನು ಕಿಟಕಿಯ ಹೊರಗೆ ಚಾಚಿ ಬಿಟ್ಟರೆ ಸಾಲದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರದಂತೆ, ಕೆವಿಎ ಸಂಖ್ಯೆಯ ವರ್ಗಮೂಲವನ್ನು 0.2ರಿಂದ ಗುಣಿಸಿದಷ್ಟು ಮೀಟರ್, ಕಟ್ಟಡದ ಎತ್ತರಕ್ಕಿಂತ ಮೇಲೆ ಕೊಳವೆ ಏರಬೇಕು. ಕಟ್ಟಡ 5 ಮೀಟರ್ ಇದ್ದು ಯಂತ್ರ 62.5 ಕೆವಿಎ ಆಗಿದ್ದರೆ, ಕೊಳವೆಯ ತುದಿ ನೆಲದಿಂದ ಸುಮಾರು 6.6 ಮೀಟರ್ ಎತ್ತರದಲ್ಲಿರಬೇಕು. ಒಳಗಿನ ಭಾಗಕ್ಕೆ ಉಷ್ಣನಿರೋಧಕ ಹೊದಿಕೆ ಅವಶ್ಯ.

ಎರಡನೆಯದು ಗಾಳಿ. ಡೀಸೆಲ್‌ನ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ವಿದ್ಯುತ್ತಾಗುತ್ತದೆ. ಉಳಿದುದೆಲ್ಲ ಶಾಖ. ರೇಡಿಯೇಟರ್ ದೂಡಿದ ಬಿಸಿಗಾಳಿ ಹೊರಗೆ ಹೋಗದೆ ಕೋಣೆಯಲ್ಲಿಯೇ ಸುತ್ತಿದರೆ ಎಂಜಿನ್ ಬಿಸಿಯೇರಿ ನಿಲ್ಲುತ್ತದೆ. ದೋಷವನ್ನು ಮಾಲೀಕರು ಡೀಲರನ ಮೇಲೆ ಹೊರಿಸುತ್ತಾರೆ. ತಪ್ಪು ಬಹುಪಾಲು ಗೋಡೆಯದು. ರೇಡಿಯೇಟರಿನ ಎದುರು, ಅದಕ್ಕಿಂತ ದೊಡ್ಡ ತೆರಪಿರಬೇಕು ಮತ್ತು ನಡುವೆ ಕ್ಯಾನ್ವಾಸ್ ಡಕ್ಟ್ ಇರಬೇಕು. ತಂಪುಗಾಳಿ ಒಳಬರುವ ತೆರಪು ಎದುರುಗೋಡೆಯಲ್ಲಿರಬೇಕು, ಹೊರಹೋಗುವುದಕ್ಕಿಂತ ಕಿರಿದಾಗಬಾರದು. ಇಂದಿನ ಯಂತ್ರಗಳು ಶಬ್ದನಿರೋಧಕ ಕವಚದೊಡನೆ ಬರುತ್ತವೆ. ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದೆಂಬುದು ನಿಯಮ. ಅಂಥ ಯಂತ್ರವನ್ನು ಇನ್ನೊಂದು ಕೋಣೆಯಲ್ಲಿ ಮುಚ್ಚಿಡುವುದಕ್ಕಿಂತ ಹೊರಗೆ ತಗಡಿನ ಮಾಡಿನಡಿ ಇಡುವುದೇ ಜಾಣತನ. ಜಾಗವಿಲ್ಲದವರಿಗೆ ಮಾತ್ರ ಕೋಣೆ.

ಕೋಣೆ ಕಟ್ಟುವುದಾದರೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಗೋಡೆ ಹಾಗೂ ಬಾಗಿಲುಗಳು 120 ನಿಮಿಷ ಬೆಂಕಿಯನ್ನು ತಡೆಯಬೇಕೆನ್ನುತ್ತದೆ. ಪ್ರತ್ಯೇಕ ಇಂಧನ ಟ್ಯಾಂಕ್ ಇದ್ದಲ್ಲಿ, ಅದರ ಸುತ್ತ ಟ್ಯಾಂಕಿಗಿಂತ ಶೇ. 10ರಷ್ಟು ಹೆಚ್ಚು ಹಿಡಿಯುವ ಕಟ್ಟೆ ಬೇಕು. ಇದೇ ಸಂಹಿತೆ ನೆಲಮಾಳಿಗೆಗೂ ಅನುಮತಿ ನೀಡುತ್ತದೆ. ಆದರೆ 2005, 2019 ಮತ್ತು 2021ರ ಕೃಷ್ಣಾ ಪ್ರವಾಹಗಳನ್ನು ಕಂಡ ನದೀತೀರದವರು ಆ ಅನುಮತಿಯನ್ನು ಮರೆತುಬಿಡುವುದು ಲೇಸು. ಅಡಿಪಾಯವನ್ನು ಹಿಂದಿನ ನೀರಿನ ಗುರುತಿಗಿಂತ ಮೇಲೆ ಎತ್ತಬೇಕು.

ಯಂತ್ರದ ಚೌಕಟ್ಟಿಗೂ ನ್ಯೂಟ್ರಲ್‌ಗೂ ತಲಾ ಎರಡು ಪ್ರತ್ಯೇಕ ಅರ್ಥಿಂಗ್ ಜೋಡಣೆ ಕಡ್ಡಾಯ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ನೇರವಾಗಿ ಜೋಡಿಸಿದರೆ ವಿದ್ಯುತ್ ಹಿಮ್ಮುಖವಾಗಿ ಹೆಸ್ಕಾಂ ತಂತಿಗೆ ಹರಿದು, ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೇ ಎರವಾಗುತ್ತದೆ. ನಿಗದಿತ ಸಾಮರ್ಥ್ಯ ಮೀರಿದ ಯಂತ್ರಗಳಿಗೆ ಚಾಲನೆಗೆ ಮುನ್ನ ವಿದ್ಯುತ್ ಪರಿವೀಕ್ಷಕರ ಅನುಮೋದನೆ ಬೇಕು. ನಕ್ಷೆಯನ್ನು ಮೊದಲೇ ತೋರಿಸಿದರೆ ಗೋಡೆ ಒಡೆಯುವ ಪ್ರಸಂಗ ತಪ್ಪುತ್ತದೆ. ಡೀಸೆಲ್ ದಾಸ್ತಾನು 2,500 ಲೀಟರಿಗಿಂತ ಕಡಿಮೆಯಿದ್ದು, ಯಾವ ಪಾತ್ರೆಯೂ 1,000 ಲೀಟರ್ ಮೀರದಿದ್ದರೆ ಪೆಟ್ರೋಲಿಯಂ ಕಾಯ್ದೆಯಡಿ ಪರವಾನಗಿ ಬೇಕಿಲ್ಲ.

ಲೆಕ್ಕಪತ್ರದಲ್ಲಿ ಹಲವರು ಎಡವುವ ಸ್ಥಳವೊಂದಿದೆ. ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನ ಪ್ರಕಾರ ಜನರೇಟರ್ ಮತ್ತು ಅದನ್ನು ಹೊತ್ತ ಅಡಿಪಾಯದ ಮೇಲಿನ ತೆರಿಗೆಗೆ ಹೂಡುವಳಿ ಜಮೆ ಸಿಗುತ್ತದೆ. ಗೋಡೆ, ಛಾವಣಿಗೆ ಸಿಗುವುದಿಲ್ಲ. ಗುತ್ತಿಗೆದಾರನು ಎಲ್ಲವನ್ನೂ ಒಂದೇ ಬಿಲ್ಲಿನಲ್ಲಿ ಬರೆದುಕೊಟ್ಟರೆ ಅಡಿಪಾಯದ ಜಮೆಯನ್ನು ಬೇರ್ಪಡಿಸುವುದು ಕಷ್ಟ. ಆದುದರಿಂದ ಎರಡು ಬಿಲ್ಲುಗಳನ್ನು ಕೇಳಿ ಪಡೆಯಬೇಕು. ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ಇದಾವುದೂ ಅನ್ವಯಿಸದು. ಡೀಸೆಲ್ ಜಿಎಸ್‌ಟಿಯ ಹೊರಗಿರುವುದರಿಂದ ಅದರ ಮೇಲೆ ಯಾರಿಗೂ ಈ ಜಮೆ ಇಲ್ಲ.