ಒಳ್ಳೆಯ ಕಣ್ಣಿಗೇ ಪಟ್ಟಿ

ಮಗುವಿನ ಒಳ್ಳೆಯ ಕಣ್ಣನ್ನು ಮುಚ್ಚಿ ಎಂದು ಡಾಕ್ಟರು ಹೇಳಿದ್ದಕ್ಕೆ ನೀವಿಬ್ಬರೂ ಗಾಬರಿಯಾಗಿದ್ದೀರಿ. ಸಹಜವೇ. ಆದರೆ ಸೋಮಾರಿ ಕಣ್ಣಿನ ತೊಂದರೆ ಇರುವುದು ಹೆಚ್ಚಾಗಿ ಮಿದುಳಿನಲ್ಲಿ. ಒಂದು ಕಣ್ಣಿನ ಪವರ್ ಹೆಚ್ಚಿದ್ದರೋ, ಕಣ್ಣು ಮೆಳ್ಳೆಯಾಗಿದ್ದರೋ, ಅದು ಕಳಿಸುವ ಚಿತ್ರವನ್ನು ಮಿದುಳು ಬರಬರುತ್ತಾ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಎಳವೆಯಲ್ಲಿ ಮುಚ್ಚಿಟ್ಟು ನೋಡಿದರು. ಆಮೇಲೆ ತೆರೆದಾಗ, ಮಿದುಳಿನಲ್ಲಿ ಆ ಕಣ್ಣಿಗೆ ಸೇರಬೇಕಾದ ಪಾಲನ್ನು ಇನ್ನೊಂದು ಕಣ್ಣು ಆಕ್ರಮಿಸಿಕೊಂಡಾಗಿತ್ತು. ಅವರಿಬ್ಬರಿಗೆ 1981ರಲ್ಲಿ ನೊಬೆಲ್ ಬಂತು. ಪಟ್ಟಿ ಕಟ್ಟುವುದೆಂದರೆ ಕಳೆದುಹೋದ ಆ ಪಾಲನ್ನು ಮರಳಿ ಕೇಳುವುದು.

ಮೊದಲು ಕನ್ನಡಕ. ಎಚ್ಚರವಿರುವಷ್ಟು ಹೊತ್ತೂ ಮೂಗಿನ ಮೇಲೇ ಇರಬೇಕು, ಮದುವೆಮನೆಯ ಫೋಟೋಕ್ಕೆಂದು ತೆಗೆಯಬಾರದು. ಕೆಲವು ಮಕ್ಕಳಿಗೆ ಅಷ್ಟರಿಂದಲೇ ದೃಷ್ಟಿ ಸುಧಾರಿಸುತ್ತದೆ. ಉಳಿದವರಿಗೆ ಪಟ್ಟಿ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಧ್ಯಮ ಪ್ರಮಾಣದ ಸೋಮಾರಿ ಕಣ್ಣಿದ್ದ ಏಳರೊಳಗಿನ ಮಕ್ಕಳಿಗೆ ದಿನಕ್ಕೆ 2 ಗಂಟೆಯ ಪಟ್ಟಿಯೂ 6 ಗಂಟೆಯದೂ ನಾಲ್ಕು ತಿಂಗಳಲ್ಲಿ ಒಂದೇ ಫಲ ಕೊಟ್ಟವು. ಹೆಚ್ಚು ಹೊತ್ತು ಕಟ್ಟಿದರೆ ಬೇಗ ಗುಣವಾಗುತ್ತದೆಂದು ನೀವೇ ಗಂಟೆ ಏರಿಸಬೇಡಿ, ಒಳ್ಳೆಯ ಕಣ್ಣೂ ಮಂಕಾದೀತು. ಪಟ್ಟಿಯನ್ನು ಚರ್ಮಕ್ಕೇ ಅಂಟಿಸಿ. ಕನ್ನಡಕದ ಗಾಜಿಗೆ ಅಂಟಿಸಿದರೆ ಪೋರಿ ಸಂದಿಯಲ್ಲಿ ಇಣುಕುತ್ತಾಳೆ. ಆ ಹೊತ್ತಿನಲ್ಲಿ ಮಣಿ ಪೋಣಿಸಲಿ, ಚುಕ್ಕಿ ಸೇರಿಸಿ ರಂಗೋಲಿ ಬಿಡಲಿ, ನಿಮ್ಮ ಜೊತೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸಲಿ. ಪಟ್ಟಿಯನ್ನು ಕಿತ್ತೇ ಎಸೆಯುವ ಮಗುವಾದರೆ, ಒಳ್ಳೆಯ ಕಣ್ಣನ್ನು ಮಬ್ಬುಮಾಡುವ ಅಟ್ರೋಪಿನ್ ಹನಿಯ ಬಗ್ಗೆ ಡಾಕ್ಟರನ್ನೇ ಕೇಳಿ.

ಮೆಳ್ಳೆಗಣ್ಣು ಅದೃಷ್ಟ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಮ್ಮ ತಲೆಮಾರಿನವರೇ ಹೇಳುತ್ತಾರೆ. ನಕ್ಕು ಸುಮ್ಮನಾಗಿ, ಪಟ್ಟಿ ಮಾತ್ರ ಬಿಚ್ಚಬೇಡಿ. ಏಳು ವರ್ಷ ದಾಟಿದ ಮಕ್ಕಳ ಕಥೆ ಮುಗಿಯಿತು ಎನ್ನುವವರ ಮಾತಿಗೂ ಕಿವಿಗೊಡಬೇಡಿ. ಬೇಗ ಶುರುಮಾಡಿದಷ್ಟು ಲಾಭ ನಿಜ, ಆದರೂ ಹತ್ತು ಹನ್ನೆರಡರಲ್ಲಿ ಶುರುಮಾಡಿದ ಎಷ್ಟೋ ಮಕ್ಕಳ ದೃಷ್ಟಿ ಸುಧಾರಿಸಿದೆ.

ಇನ್ನು ‘ವಿಷನ್ ಥೆರಪಿ’ ಬೋರ್ಡುಗಳ ವಿಚಾರ. ಯಾವ ತೊಂದರೆಗೆ ಎಂದು ಕೇಳದೆ ದುಡ್ಡು ಕಟ್ಟಬೇಡಿ. ಹತ್ತಿರದ್ದನ್ನು ನೋಡುವಾಗ ಎರಡೂ ಕಣ್ಣು ಒಂದಾಗಿ ಒಳಕ್ಕೆ ತಿರುಗದ ಮಕ್ಕಳಿರುತ್ತಾರೆ. ಓದುವಾಗ ಅಕ್ಷರ ಎರಡಾಗುತ್ತದೆ, ತಲೆ ನೋಯುತ್ತದೆ. ಅವರಿಗೆ ವ್ಯಾಯಾಮ ನಿಜಕ್ಕೂ ಕೆಲಸ ಮಾಡುತ್ತದೆ. 2008ರ ಅಧ್ಯಯನದಲ್ಲಿ, ತಜ್ಞರ ಬಳಿ ಹೋಗಿ ಮನೆಯಲ್ಲೂ ಅಭ್ಯಾಸ ಮಾಡಿದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು 12 ವಾರಗಳಲ್ಲಿ ಸುಧಾರಿಸಿದರು. ಹುಸಿ ಚಿಕಿತ್ಸೆ ಪಡೆದವರಲ್ಲಿ ಮೂರರಲ್ಲೊಂದು ಪಾಲು. ಆದರೆ ಅದೇ ಚಿಕಿತ್ಸೆಯಿಂದ ಓದಿದ್ದು ಹೆಚ್ಚು ಅರ್ಥವಾಗುತ್ತದೆಯೇ ಎಂದು ಪರೀಕ್ಷಿಸಿದಾಗ, 2019ರ ವರದಿಯ ಪ್ರಕಾರ, ಹುಸಿ ಚಿಕಿತ್ಸೆಗಿಂತ ಮೇಲೇನೂ ಕಾಣಲಿಲ್ಲ. ಆದ್ದರಿಂದ ಡಿಸ್ಲೆಕ್ಸಿಯಾ ಇರುವ ಮಗುವನ್ನು ಕಣ್ಣಿನ ಕಸರತ್ತಿಗೆ ಎಳೆದೊಯ್ಯಬೇಡಿ, ಅದಕ್ಕೆ ಬೇಕಾದದ್ದು ಓದು ಕಲಿಸುವ ತಜ್ಞ ಶಿಕ್ಷಕರು. ಕಣ್ಣು ತಿರುಗಿಸಿ, ಅಂಗೈ ಉಜ್ಜಿ ಕನ್ನಡಕ ಬಿಡಿಸುತ್ತೇವೆ ಎನ್ನುವವರ ಹತ್ತಿರವಂತೂ ಸುಳಿಯಲೇಬೇಡಿ. ಸಮೀಪದೃಷ್ಟಿಯಲ್ಲಿ ಉದ್ದವಾದ ಕಣ್ಣುಗುಡ್ಡೆ ಕಸರತ್ತಿನಿಂದ ಗಿಡ್ಡವಾಗುವುದಿಲ್ಲ. ಬಿಸಿಲು ಬೆಳಕಿನಲ್ಲಿ ಆಡಿಸಿ, ಸಮೀಪದೃಷ್ಟಿ ಶುರುವಾಗುವುದನ್ನು ಅದು ಒಂದಷ್ಟು ತಡೆಯುತ್ತದೆ.

ಚಿಕ್ಕ ಮಗನನ್ನೂ ಒಮ್ಮೆ ತೋರಿಸಿ. ಇಂಥ ತೊಂದರೆ ಒಡಹುಟ್ಟಿದವರಲ್ಲೂ ಇರುವುದುಂಟು. ಒಂದೇ ಕಣ್ಣು ಮಂದವಾಗಿದ್ದರೆ ಮಗು ದೂರುವುದೇ ಇಲ್ಲ, ಇನ್ನೊಂದರಲ್ಲಿ ಓಡಾಡಿಕೊಂಡಿರುತ್ತದೆ. ಫೋಟೋದಲ್ಲಿ ಪಾಪೆ ಬೆಳ್ಳಗೆ ಹೊಳೆದರೆ ಮಾತ್ರ ರಜೆಗೆ ಕಾಯಬೇಡಿ, ಅದು ಕ್ಯಾನ್ಸರ್‌ನ ಗುರುತೂ ಆಗಿರಬಹುದು. ಆ ದಿನವೇ ಕಣ್ಣಿನ ಆಸ್ಪತ್ರೆಗೆ ಹೊರಡಿ.