ಎರಡು ಪರದೆಯ ಕಂಪ್ಯೂಟರಿಗೆ ಯಾವ ಲಿನಕ್ಸ್ ತಕ್ಕದ್ದು?

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಲೆಕ್ಕಪತ್ರದ ಕೆಲಸದವರು ಬಹಳ ಮಂದಿ. ಹಗಲೆಲ್ಲ ಕಚೇರಿ ಅಥವಾ ಗಿರಣಿ, ಸಂಜೆ ಮನೆಯಲ್ಲಿ ಎರಡು ಮೂರು ಅಂಗಡಿಗಳ ಲೆಕ್ಕ, ಹೀಗೆ ಸಂಸಾರ ಸಾಗಿಸುವವರಿಗೆ ಒಂದು ಪರದೆಯ ಮೇಲೆ ಬಿಲ್ಲು, ಇನ್ನೊಂದರ ಮೇಲೆ ಖಾತೆ ಇದ್ದರೆ ಎಷ್ಟು ಅನುಕೂಲವೆಂಬುದನ್ನು ನಾನು ಹೇಳಬೇಕಾದುದಿಲ್ಲ. ಹಳೆಯ ಮಾನಿಟರುಗಳು ಅಗ್ಗಕ್ಕೆ ಸಿಗುತ್ತವೆ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತುಹೋಯಿತು. ನಮ್ಮಂಥವರ ಮನೆಯ ಹಳೆಯ ಯಂತ್ರಗಳಲ್ಲಿ ಹಲವನ್ನು ವಿಂಡೋಸ್ 11 ಒಪ್ಪುವುದಿಲ್ಲ. ಆದುದರಿಂದ ಲಿನಕ್ಸ್ ಹಾಕಬಹುದೇ, ಹಾಕುವುದಾದರೆ ಯಾವುದು ಎಂಬ ಪ್ರಶ್ನೆ ಎದ್ದಿದೆ.

ಮೊದಲಿಗೇ ಒಂದು ಎಚ್ಚರಿಕೆ. ಟ್ಯಾಲಿಪ್ರೈಮ್ ವಿಂಡೋಸಿಗಾಗಿ ಮಾಡಿದ್ದು, ಲಿನಕ್ಸಿಗಲ್ಲ. ನಿಮ್ಮ ಸಂಜೆಯ ಸಂಪಾದನೆ ಟ್ಯಾಲಿಯನ್ನೇ ನಂಬಿದ್ದರೆ ವಿಂಡೋಸನ್ನು ಅಳಿಸುವ ಮಾತೆತ್ತಬೇಡಿ. ಎಕ್ಸೆಲ್ ಹಾಳೆ, ಪತ್ರ, ಬ್ರೌಸರಿನಲ್ಲಿ ತುಂಬುವ ಜಿ.ಎಸ್‌.ಟಿ. ವಿವರ, ಇಷ್ಟೇ ಕೆಲಸವಾದರೆ ಲಿಬ್ರೆಆಫೀಸ್ ಮತ್ತು ಫೈರ್‌ಫಾಕ್ಸ್ ಸಾಕು, ಮುಂದೆ ಓದಬಹುದು.

ಲಿನಕ್ಸ್ ಎಂಬುದು ನಿಜವಾಗಿ ತಿರುಳಿನ ಹೆಸರು. ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಅದನ್ನು ಬರೆಯತೊಡಗಿದರು. ಆ ತಿರುಳಿಗೆ ಬೇಕಾದ ಸಾಮಗ್ರಿಯನ್ನೆಲ್ಲ ಸೇರಿಸಿ ಕಟ್ಟಿದ ಬುತ್ತಿಯೇ ಡಿಸ್ಟ್ರಿಬ್ಯೂಷನ್. ಡೆಬಿಯನ್, ಉಬುಂಟು, ಫೆಡೋರಾ, ಮಿಂಟ್ ಇವೆಲ್ಲ ಬೇರೆ ಬೇರೆ ಕೈಯವರು ಕಟ್ಟಿದ ಬುತ್ತಿಗಳು. ತಿರುಳು ಎಲ್ಲದರಲ್ಲಿಯೂ ಒಂದೇ ಆದಕಾರಣ ಯಂತ್ರಕ್ಕೆ ಪರದೆಗಳು ಕಾಣಿಸುವುದರಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ವ್ಯತ್ಯಾಸ ಬರುವುದು ಪರದೆಯ ಮೇಲೆ ಚಿತ್ರ ಹಾಸುವ ಪದ್ಧತಿಯಲ್ಲಿ. ಇದನ್ನು ತಿಳಿದರೆ ಅರ್ಧ ಆಯ್ಕೆ ಮುಗಿದಂತೆ.

ಹಳೆಯ ಪದ್ಧತಿ ಎಕ್ಸ್11, 1987ರದು. ಅದು ನಿಮ್ಮ ಪರದೆಗಳನ್ನೆಲ್ಲ ಒಂದೇ ಅಗಲವಾದ ಜಮಖಾನೆಯಂತೆ ಭಾವಿಸಿ, ಇಡೀ ಜಮಖಾನೆಗೆ ಒಂದೇ ಅಳತೆ ಹಿಡಿಯುತ್ತದೆ. ಎರಡು ಮಾನಿಟರುಗಳೂ ಒಂದೇ ಜಾತಿಯವಾದರೆ ತೊಂದರೆಯೇ ಇಲ್ಲ. ಆದರೆ ಒಂದು ಹೊಸ 4ಕೆ ಪರದೆ, ಇನ್ನೊಂದು ಹಳೆಯ 1080ರ ಪರದೆ ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಅಕ್ಷರ ಇರುವೆಯಷ್ಟು. ಅದನ್ನು ಸರಿಮಾಡಹೋದರೆ ಎರಡನೆಯದರಲ್ಲಿ ನಾಮಫಲಕದಷ್ಟು. ಅಡ್ಡದಾರಿಗಳುಂಟು, ಆದರೆ ಅಕ್ಷರ ಮಸುಕಾಗುತ್ತದೆ. ರಾತ್ರಿ ಹತ್ತರವರೆಗೆ ಅಂಕಿ ನೋಡುವ ಕಣ್ಣಿಗೆ ಅದು ಹಿಂಸೆ. ಹೊಸ ಪದ್ಧತಿ ವೇಲ್ಯಾಂಡ್, 2008ರಲ್ಲಿ ಆರಂಭವಾದದ್ದು. ಅದರಲ್ಲಿ ಪ್ರತಿಯೊಂದು ಪರದೆಗೂ ಅದರದೇ ಅಳತೆ ಕೊಡಬಹುದು.

ಆದುದರಿಂದ ನಿಮ್ಮ ಎರಡು ಪರದೆಗಳೂ ಸಾಧಾರಣ 1080ರವಾದರೆ ಲಿನಕ್ಸ್ ಮಿಂಟ್‌ನ ಸಿನಮನ್ ತೆಗೆದುಕೊಳ್ಳಿ. ವಿಂಡೋಸಿನಿಂದ ಬಂದವರಿಗೆ ಅದು ಪರಕೀಯವೆನಿಸದು. ಮಿಂಟ್ 22ರ ಸರಣಿಗೆ 2029ರವರೆಗೆ ಬೆಂಬಲವಿದೆ. ಅಲ್ಲಿ ವೇಲ್ಯಾಂಡ್ 2024ರಲ್ಲಿ ಪ್ರಯೋಗವೆಂದು ಬಂದದ್ದು. ಎಕ್ಸ್11ರಲ್ಲಿಯೇ ನಡೆಸುವುದು ಕ್ಷೇಮ. ಪರದೆಗಳ ಅಳತೆ ಬೇರೆಬೇರೆಯಾದರೆ ಕೆ.ಡಿ.ಇ. ಪ್ಲಾಸ್ಮಾ 6 ಇರುವ ಬುತ್ತಿಯನ್ನು ಹುಡುಕಿ. ಫೆಡೋರಾದಲ್ಲಿ ಅದು ಸದಾ ಹೊಸದಾಗಿ ಸಿಗುತ್ತದೆ, ಆದರೆ ಒಂದೊಂದು ಆವೃತ್ತಿಯ ಆಯುಸ್ಸು ಸುಮಾರು 13 ತಿಂಗಳು ಮಾತ್ರ. ವರ್ಷವರ್ಷವೂ ಮೇಲ್ದರ್ಜೆಗೇರಿಸುವ ಪುರುಸೊತ್ತು ಯಾರಿಗಿದೆ? 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿಯೂ ಪ್ಲಾಸ್ಮಾ 6 ಇದೆ. ದುಡಿಯುವ ಜನರಿಗೆ ಅದೇ ಮೇಲೆಂದು ನನ್ನ ಅಭಿಪ್ರಾಯ. ಗ್ನೋಮ್ ಬಳಸುವವರಿಗೆ ಒಂದು ಮಾತು: ಕಾರ್ಯಕ್ಷೇತ್ರ ಬದಲಿಸಿದಾಗ ಮೊದಲ ಪರದೆ ಮಾತ್ರ ಬದಲಾಗಿ ಎರಡನೆಯದು ಇದ್ದಂತೆಯೇ ಇರುವುದು ದೋಷವಲ್ಲ, ಅದರ ರೂಢಿ, ಸೆಟ್ಟಿಂಗ್ಸಿನಲ್ಲಿ ಬದಲಿಸಬಹುದು.

ಯಾವ ಬುತ್ತಿಯೂ ಯಂತ್ರದ ಕೊರತೆಯನ್ನು ತುಂಬಲಾರದು. ಡಬ್ಬಿಯ ಹಿಂಬದಿ ನೋಡಿ ಎಷ್ಟು ಕಿಂಡಿಗಳಿವೆ ಎಣಿಸಿ. ಅಂಗಡಿಯವನು ಕೊಡುವ ಎಚ್‌.ಡಿ.ಎಂ.ಐ. ಸ್ಪ್ಲಿಟರ್ ಕೊಳ್ಳಬೇಡಿ, ಅದು ಎರಡು ಪರದೆಗೂ ಒಂದೇ ಚಿತ್ರ ತೋರಿಸುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಇದ್ದರೆ ಎರಡು ಕೇಬಲನ್ನೂ ಅದಕ್ಕೇ ಸಿಕ್ಕಿಸಿ, ಏಕೆಂದರೆ ಅನೇಕ ಯಂತ್ರಗಳಲ್ಲಿ ಕಾರ್ಡು ಹಾಕಿದೊಡನೆ ಬೋರ್ಡಿನ ಕಿಂಡಿ ಮಲಗುತ್ತದೆ. ಇಂಟೆಲ್, ಎ.ಎಂ.ಡಿ.ಯವರ ಚಾಲಕಗಳು ತಿರುಳಿನಲ್ಲೇ ಇವೆ. ಎನ್‌ವಿಡಿಯಾಕ್ಕೆ ಸಾಮಾನ್ಯವಾಗಿ ಬೇರೆ ಚಾಲಕ ಬೇಕು, ಬಹು ಹಳೆಯ ಕಾರ್ಡುಗಳನ್ನು ಹೊಸ ಚಾಲಕ ಕೈಬಿಟ್ಟಿದೆ. ಯು.ಎಸ್‌.ಬಿ.ಯಿಂದ ಪರದೆ ನಡೆಸುವ ಡಿಸ್‌ಪ್ಲೇಲಿಂಕ್ ಪೆಟ್ಟಿಗೆಗೂ ಪ್ರತ್ಯೇಕ ಚಾಲಕ ಬೇಕು. ಸಾಧ್ಯವಾದರೆ ಅದರ ಸಹವಾಸ ಬೇಡ.

ಕನ್ನಡದ ವಿಷಯ. ಐಬಸ್ ಮತ್ತು ಎಂ17ಎನ್ ಸೇರಿಸಿಕೊಂಡರೆ ನಮಗೆ ರೂಢಿಯಾದ ಕೆ.ಜಿ.ಪಿ. ಕೀಲಿ ವಿನ್ಯಾಸ ಸಿಗುತ್ತದೆ. ಲೋಹಿತ್, ನೋಟೋ ಅಕ್ಷರಗಳೂ ಉಂಟು. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರದಲ್ಲಿ ಬರೆದಿಟ್ಟ ಕಾಗದಪತ್ರಗಳು ಇಲ್ಲಿ ಬರಿಯ ಗೊಂದಲವಾಗಿ ಕಾಣುತ್ತವೆ. ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡಿಗೆ ಬದಲಿಸಿ, ಪ್ರತಿ ಮಾಡಿ ಬೇರೆ ಕಡೆ ಇಡಿ.

ಕಡೆಯದಾಗಿ, ಹಾಕುವ ಮುನ್ನ ಪರೀಕ್ಷೆ. ಪೆನ್‌ಡ್ರೈವಿಗೆ ಬರೆದುಕೊಂಡು, ಡಿಸ್ಕನ್ನು ಮುಟ್ಟದೆ ಅದರಿಂದಲೇ ಯಂತ್ರ ಎಬ್ಬಿಸಬಹುದು. ಎರಡು ಪರದೆಯೂ ಕಂಡವೇ, ಎಡ ಬಲ ಸರಿಯಾಗಿದೆಯೇ ನೋಡಿ. ಯಂತ್ರವನ್ನು ನಿದ್ರೆಗೆ ಕಳಿಸಿ ಎಬ್ಬಿಸಿ. ಒಂದು ಕೇಬಲ್ ಕಿತ್ತರೆ ಅಲ್ಲಿದ್ದ ಕಿಟಕಿಗಳು ಇತ್ತ ಬರುತ್ತವೆಯೇ, ಮತ್ತೆ ಸಿಕ್ಕಿಸಿದರೆ ಪರದೆ ಏಳುತ್ತದೆಯೇ ಗಮನಿಸಿ. ಪೆನ್‌ಡ್ರೈವಿನಿಂದ ನಡೆಯುವಾಗ ಎಲ್ಲವೂ ತುಸು ನಿಧಾನವಾಗಿಯೇ ಇರುತ್ತದೆ. ಡಿಸ್ಕಿಗೆ ಹಾಕಿದ ಮೇಲಿನ ವೇಗವನ್ನು ಅದರಿಂದ ಅಳೆಯಬಾರದು.